ನನ್ನ ಮರಳುಗಾಡಿನಲ್ಲೊಂದು ಅರವಟ್ಟಿಗೆ

ಮರಳುಗಾಡನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಒಂದು ಮರಳುಗಾಡನ್ನು ಮಾಡಿದ್ದೇನೆ. ಹೀಗೆಂದರೆ ಜಂಬದ ಮಾತಿನಂತೆ ಕೇಳಿಸುತ್ತದೆ, ಗೊತ್ತು. ಆದರೆ ನೋಡದೇ ಇರುವುದರ ಬಗ್ಗೆ ಕೆಲಸ ಮಾಡಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಶನಿಶಾಂತಿ ಮಾಡಿಸುವವರು ಶನಿಯನ್ನು ಹತ್ತಿರದಿಂದ ನೋಡಿದ್ದಾರೆಯೇ? ನನ್ನ ವಿಷಯದಲ್ಲಿ ವಿಚಿತ್ರವೇನೆಂದರೆ, ಆ ಮರಳುಗಾಡನ್ನು ನಾನು ಮಾಡಿದ್ದು ವರ್ಷದ ಮುಕ್ಕಾಲು ಪಾಲು ಜಿಟಿಜಿಟಿ ಮಳೆ ಹಿಡಿದುಕೊಂಡಿರುವ ಸಿಯಾಟಲ್ ಪಕ್ಕದಲ್ಲಿ, ಕೆನ್ಮೋರ್‌ನ ಸರೋವರದ ದಂಡೆಯ ಒಂದು ಕಚೇರಿಯಲ್ಲಿ, ಒದ್ದೆ ಕೊಡೆಯನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿಕೊಂಡು. ಇಲ್ಲಿ ಹುಟ್ಟಿ ಬೆಳೆದವರು ಕೊಡೆ ಹಿಡಿಯುವುದಿಲ್ಲ. ನೆನೆಯುವುದನ್ನೇ ಒಂದು ಗೌರವವೆಂದು ತಿಳಿದವರು. ನಾನು ಹಿಡಿಯುತ್ತೇನೆ. ಮಳೆ ಇಲ್ಲದ ದಿನವೂ ಹಿಡಿದುಕೊಂಡು ಹೋಗುತ್ತೇನೆ. ಕಿಟಕಿಯಾಚೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು ಛಲ್ಲೆಂದು ನೀರು ಚಿಮ್ಮಿಸುತ್ತಿದ್ದರೆ, ಈಚೆ ನಾನು ಕಂಪ್ಯೂಟರಿನೊಳಗೆ ಮರಳು ಸುರಿಯುತ್ತಿದ್ದೆ.

ಕೊಡೆಯ ಮಾತಿನಿಂದಲೇ ನನ್ನ ಸ್ವಭಾವ ನಿಮಗೆ ಅರ್ಥವಾಗಿರಬೇಕು. ನಾನು ಚಿಂತೆಯ ಮನುಷ್ಯ. ಮನೆಗೆ ಬೀಗ ಹಾಕಿ ಕಾರು ಹತ್ತಿದ ಮೇಲೆ ಇಳಿದು ಹೋಗಿ ಬೀಗ ಜಗ್ಗಿ ನೋಡುತ್ತೇನೆ. ಫ್ರಿಜ್‌ನಿಂದ ಏನೇ ತೆಗೆದರೂ ಮೊದಲು ಅದರ ಮೇಲಿನ ತಾರೀಕು ಓದಿ, ಆಮೇಲೆ ಮೂಸಿ, ಆಮೇಲೆ ಬಾಯಿಗಿಡುತ್ತೇನೆ. ಮೊಸರನ್ನು ಮೂಸಿ ನೋಡಿ ಹುಳಿ ವಾಸನೆ ಬರುತ್ತಿದೆ ಎಂದು ದೂರಿದ ಏಕೈಕ ಮೈಸೂರಿನವನು ನಾನೇ ಎಂದು ನನ್ನ ಹೆಂಡತಿ ಗಿರಿಜಾ ನೆಂಟರಿಗೆಲ್ಲ ಹೇಳಿದ್ದಾಳೆ. ಮೊದಲು ನಾನು ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೆ. ಅಲ್ಲಿ ನನ್ನ ಸ್ವಭಾವಕ್ಕೆ ಬೆಲೆಯಿತ್ತು. ಈ ಬೋಲ್ಟು ಸಡಿಲವಾದರೆ, ಆ ತಂತಿ ಬಿಸಿಯಾದರೆ ಎಂದು ದಿನವಿಡೀ ಕೆಟ್ಟದ್ದನ್ನೇ ಯೋಚಿಸುವುದು ನನ್ನ ಕೆಲಸ. ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು. ಎರಡು ಸಾವಿರದ ಹತ್ತರ ದಶಕದ ನಡುವಿಗೆ ಸಿಯಾಟಲ್ ಸುತ್ತ ಮೂಲೆಗೊಂದು ವಿಡಿಯೊ ಗೇಮ್ ಕಂಪನಿ ಹುಟ್ಟತೊಡಗಿದಾಗ, ನಡುವಯಸ್ಸಿನಲ್ಲಿ ಕೆಲವರಿಗೆ ಸಂಗೀತ ಕಲಿಯುವ ಹುಚ್ಚು ಹಿಡಿಯುವ ಹಾಗೆ ನನಗೆ ಅಂಥದೊಂದು ಸಣ್ಣ ಕಂಪನಿಗೆ ಸೇರುವ ಹುಚ್ಚು ಹಿಡಿಯಿತು. ಗಿರಿಜಾ ಬೇಡವೆನ್ನಲಿಲ್ಲ. "ಸೇರ್ಕೊಳ್ಳಿ, ಅಲ್ಲಾದ್ರೂ ಸ್ವಲ್ಪ ಆಟ ಆಡೋದು ಕಲೀರಿ" ಎಂದಳು, ಅಷ್ಟೇ.

ನಾವು ಮಾಡುತ್ತಿದ್ದ ಆಟ ಹೇಗೆಂದರೆ, ಒಂದು ದೊಡ್ಡ ಲೋಕದಲ್ಲಿ ನಿಮ್ಮನ್ನು ಬರಿಗೈಲಿ ಬಿಟ್ಟುಬಿಡುತ್ತದೆ. ಇದನ್ನು ಮಾಡಿ, ಅದನ್ನು ಮಾಡಿ ಎಂದು ಯಾರೂ ಹೇಳುವುದಿಲ್ಲ. ಮರ ಕಡಿಯಬಹುದು, ಗುಡಿಸಲು ಕಟ್ಟಬಹುದು, ಮೀನು ಹಿಡಿಯಬಹುದು, ಎದುರು ಸಿಕ್ಕಿದವನ ತಲೆ ಒಡೆದು ಅವನ ಗಂಟು ಹೊತ್ತೊಯ್ಯಬಹುದು. ಹಸಿವು, ಬಾಯಾರಿಕೆ ನೋಡಿಕೊಳ್ಳದಿದ್ದರೆ ಸಾಯುತ್ತೀರಿ. ಸತ್ತರೆ ಮತ್ತೆ ಮೊದಲಿನಿಂದ. ಆ ಲೋಕದಲ್ಲಿ ಕಾಡಿತ್ತು, ಹಿಮದ ಬೆಟ್ಟವಿತ್ತು, ಕೆರೆಯಿತ್ತು. ಅವನ್ನೆಲ್ಲ ನಮ್ಮವರು ಕಿಟಕಿಯಾಚೆ ನೋಡಿಕೊಂಡೇ ಸೊಗಸಾಗಿ ಮಾಡಿಬಿಟ್ಟಿದ್ದರು. ಉಳಿದದ್ದು ಮರಳುಗಾಡು. ಬಿಸಿಲಿನ ದೇಶದಿಂದ ಬಂದವರು ಯಾರಿದ್ದಾರೆ ಎಂದು ನಮ್ಮ ಮುಖ್ಯಸ್ಥ ಕ್ರೇಗ್ ಮೀಟಿಂಗಿನಲ್ಲಿ ಕೇಳಿದ. ಉಣ್ಣೆಯ ಜಾಕೆಟ್ ತೊಟ್ಟ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ಮೈಸೂರಿನಲ್ಲಿ ಸ್ವಲ್ಪ ಸೆಕೆಯಾದರೂ ಜನ ಅದನ್ನು ಒಂದು ಅವಮಾನದಂತೆ ತೆಗೆದುಕೊಳ್ಳುತ್ತಾರೆಂದು ಅವರಿಗೆ ಹೇಗೆ ವಿವರಿಸುವುದು? ಆಗಲಿ ಎಂದು ತಲೆಯಾಡಿಸಿದೆ.

ಮರಳು ಹರಡಿದ್ದಾಯಿತು, ದಿಣ್ಣೆಗಳೆದ್ದವು, ಸೂರ್ಯನನ್ನು ಒಂದಿಷ್ಟು ದೊಡ್ಡದು ಮಾಡಿದ್ದಾಯಿತು. ಆದರೆ ಆಟವನ್ನು ಪರೀಕ್ಷೆಗೆಂದು ಆಡುತ್ತಿದ್ದವರು ಮರಳುಗಾಡಿಗೆ ಬಂದರೆ ಸಾಕು, ಮಳೆಯಲ್ಲಿ ಬಸ್ ಸ್ಟಾಪಿನಿಂದ ಮನೆಗೆ ಓಡುವವರ ಹಾಗೆ ಒಂದೇ ಉಸಿರಿಗೆ ಓಡಿ ಆಚೆಯ ಕಾಡು ಸೇರಿಕೊಳ್ಳುತ್ತಿದ್ದರು. ಮಗಳು ಅನಘಾಗೆ ತೋರಿಸಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನೋಡಿದವಳು, "ಅಪ್ಪಾ, ಇಟ್ಸ್ ಜಸ್ಟ್ ಬೀಜ್" ಎಂದು ಹೊರಟುಹೋದಳು. ಬೀಜ್ ಎಂದರೆ ಗೋಧಿಹಿಟ್ಟಿನ ಬಣ್ಣ. ನನ್ನ ಅಷ್ಟು ದಿನದ ದುಡಿಮೆ ಒಂದು ಡಬ್ಬಿ ಗೋಧಿಹಿಟ್ಟಿಗೆ ಸಮವಾಯಿತು.

ಕ್ರೇಗ್ ಹೀಗೆ ಒರಟಾಗಿ ಹೇಳುವವನಲ್ಲ. ಈ ಊರಿನ ಜನ ಬಹಳ ಸಭ್ಯರು. ಅವರು "ಇಂಟರೆಸ್ಟಿಂಗ್" ಎಂದರೆ ನಿಮ್ಮ ಕೆಲಸ ಕೆಟ್ಟಿದೆಯೆಂದೂ, "ವೆರಿ ಇಂಟರೆಸ್ಟಿಂಗ್" ಎಂದರೆ ಬೇರೆ ಕೆಲಸ ಹುಡುಕಿಕೊಳ್ಳಬೇಕೆಂದೂ ಅರ್ಥ. ಅವನು ಎರಡನೆಯದನ್ನು ಹೇಳಿದ. ಆಟ ಹೊರಬರುವುದು ಬೇಸಿಗೆಗೆ. ಅಷ್ಟರಲ್ಲಿ ಜನ ಮರಳುಗಾಡಿನಲ್ಲಿ ನಿಲ್ಲುವಂತಾಗದಿದ್ದರೆ ಅದನ್ನು ಪೂರ್ತಿ ತೆಗೆದು ಆ ಜಾಗದಲ್ಲಿ ಕಾಡನ್ನೇ ಬೆಳೆಸೋಣ ಎಂದು ಮೆಲುದನಿಯಲ್ಲಿ ಸೂಚಿಸಿದ. ಮರಳುಗಾಡು ಹೋದರೆ ಅದನ್ನು ಮಾಡಿದವನನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಕಾಡಿನವನೊಬ್ಬ ಆಗಲೇ ಇದ್ದ. ಬಿಟ್ಟುಬಂದ ಕಾರ್ಖಾನೆಗೆ ಮತ್ತೆ ಹೋಗಿ ಬಾಗಿಲು ತಟ್ಟಲು ಮುಖವಿರಲಿಲ್ಲ. ಪಕ್ಕದೂರು ಶೋರ್‌ಲೈನ್‌ನ ನಮ್ಮ ಮನೆಗೆ ಬಂದು ಊಟದ ಮುಂದೆ ಕೂತರೆ ಚಿತ್ರಾನ್ನವೂ ಮರಳಿನ ದಿಣ್ಣೆಯಂತೆಯೇ ಕಾಣುತ್ತಿತ್ತು.

ನನಗೆ ಗೊತ್ತಿದ್ದ ವಿದ್ಯೆ ಒಂದೇ, ಕೆಟ್ಟದ್ದನ್ನು ಯೋಚಿಸುವುದು. ಅದನ್ನೇ ಪ್ರಯೋಗಿಸಿದೆ. ಮರಳು ಬಿರುಗಾಳಿ ತಂದೆ. ಚಪ್ಪಲಿಯೊಳಗೆ ಅಡಗಿ ಕೂರುವ ಚೇಳುಗಳನ್ನು ತಂದೆ. ಕಾಲು ಇಟ್ಟರೆ ಒಳಗೆಳೆದುಕೊಳ್ಳುವ ಮರಳು, ಹತ್ತಿರ ಹೋದರೆ ಮಾಯವಾಗುವ ಕೆರೆ, ತಲೆ ಮುಚ್ಚದವನಿಗೆ ಬಿಸಿಲಿನ ಪೆಟ್ಟು, ತಲೆ ಮುಚ್ಚಿದವನಿಗೆ ಉಸಿರುಕಟ್ಟು. ಒಟ್ಟಿನಲ್ಲಿ ನನ್ನ ತಾಯಿ ನನ್ನನ್ನು ಶಾಲೆಯ ಪ್ರವಾಸಕ್ಕೆ ಕಳಿಸುವಾಗ ಏನೇನು ಆದೀತೆಂದು ಹೆದರುತ್ತಿದ್ದರೋ ಅದೆಲ್ಲವನ್ನೂ ಅಲ್ಲಿ ಸಾಲಾಗಿ ಜೋಡಿಸಿದೆ. ಮೊದಲು ಜನ ಮರಳುಗಾಡನ್ನು ಓಡಿ ದಾಟುತ್ತಿದ್ದರು; ಈಗ ಸುತ್ತುಹಾಕಿಕೊಂಡು ಹೋಗತೊಡಗಿದರು. ಅದರೊಳಗೆ ನಾನೊಬ್ಬನೇ ಉಳಿದೆ, ನಾನು ಸಾಕಿದ ಚೇಳುಗಳ ಜೊತೆ.

ಇಷ್ಟರಲ್ಲಿ ಕಂಪನಿಯವರು ಒಂದು ಶನಿವಾರ ಮನೆಮಂದಿಯೆಲ್ಲ ಆಟ ಆಡಿ ನೋಡಲಿ ಎಂದು ಏರ್ಪಾಡು ಮಾಡಿದರು. ಅವರವರ ಮನೆಯಿಂದಲೇ ಆಡಬಹುದು. ಎಲ್ಲರೂ ಒಂದೇ ಲೋಕದಲ್ಲಿ ಓಡಾಡುತ್ತಾರೆ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಹತ್ತಿರದವರ ಮಾತು ಕೇಳಿಸುತ್ತದೆ. ಗಿರಿಜಾ ಇಡ್ಲಿಗೆ ನೆನೆಹಾಕಿ ಬಂದು ಲ್ಯಾಪ್‌ಟಾಪ್ ಮುಂದೆ ಕೂತಳು. ಅವಳಿಗೆ ಕೀಲಿಗಳನ್ನೊತ್ತಿ ಓಡುವುದು, ನೆಗೆಯುವುದು ಒಗ್ಗಲಿಲ್ಲ. ಹೇಗೋ ನಡೆದುಕೊಂಡು ಮರಳುಗಾಡಿನ ನಡುವಿಗೆ ಬಂದು ನಿಂತಳು. ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಇಲ್ಲಿ ಕೂತ್ಕೊಳ್ಳೋದು ಎಲ್ಲಿ ರೀ?" ಇದು ಕೂರುವ ಆಟವಲ್ಲ, ಬದುಕುಳಿಯುವ ಆಟ ಎಂದೆ. ಕೂತುಕೊಳ್ಳದೆ ಬದುಕುವುದು ಹೇಗೆ ಎಂದು ಕೇಳಿದಳು.

ಗಿರಿಜಾ ಚಳ್ಳಕೆರೆಯವಳು. ನಿಜವಾದ ಬಿಸಿಲೆಂದರೇನು ಎಂದು ನಮ್ಮ ಮನೆಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ. ಅಲ್ಲಿ ಅವಳ ತಂದೆಗೆ ಬಸ್ ಸ್ಟ್ಯಾಂಡಿನ ಎದುರು ಬಟ್ಟೆ ಅಂಗಡಿಯಿತ್ತು. ಯುಗಾದಿ ಕಳೆಯುತ್ತಲೇ ಅಂಗಡಿಯ ಮುಂದೆ ಚಪ್ಪರ ಹಾಕಿ, ಮರಳಿನ ಮೇಲೆ ಮಣ್ಣಿನ ಮಡಕೆಗಳನ್ನು ಕೂರಿಸಿ, ಒದ್ದೆ ಬಟ್ಟೆ ಸುತ್ತಿ, ಒಳಗೆ ಲಾವಂಚದ ಬೇರು ಹಾಕಿ, ಬಂದವರಿಗೆಲ್ಲ ನೀರು, ಮಜ್ಜಿಗೆ ಕೊಡುತ್ತಿದ್ದರಂತೆ. ಅರವಟ್ಟಿಗೆ. ಬೇಸಿಗೆ ರಜೆಯಲ್ಲಿ ಅಕ್ಕತಂಗಿಯರು ಅಲ್ಲಿ ಕೂತು ಲೋಟಕ್ಕೆ ನೀರು ಬಗ್ಗಿಸಿ ಕೊಡುವುದು, ದಾರಿಹೋಕರ ಊರು, ಮನೆ, ಮದುವೆಯ ಸುದ್ದಿಯನ್ನೆಲ್ಲ ತಿಳಿದುಕೊಳ್ಳುವುದು. ಮದುವೆಯಾದ ಹೊಸತರಲ್ಲಿ ನಾನು ಇದನ್ನೆಲ್ಲ ಕೇಳಿದ್ದೆ. ಕೇಳಿ, ಲೋಟ ತೊಳೆಯುತ್ತಿದ್ದವರು ಯಾರು ಎಂದು ವಿಚಾರಿಸಿದ್ದೆ.

ಈಗ ನನ್ನ ಕಣ್ಣೆದುರೇ ನಾಲ್ಕು ಕೋಲು ನೆಟ್ಟು ಮೇಲೊಂದು ಬಟ್ಟೆ ಕಟ್ಟಿದಳು. ನಾನು ಮೂಲೆಯಲ್ಲೆಲ್ಲೋ ಇಟ್ಟಿದ್ದ ಬಾವಿಯಿಂದ ಮಡಕೆಯಲ್ಲಿ ನೀರು ಹೊತ್ತು ತಂದು ನೆರಳಿನಲ್ಲಿಟ್ಟು ಕೂತಳು. ಆ ಬಾವಿಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಿರುಗಾಳಿಗೆ ಸಿಕ್ಕಿ ದಾರಿತಪ್ಪಿದ ಟೈಲರ್ ಎಂಬ ನಮ್ಮ ಕಚೇರಿಯವನು ಬಾಯಾರಿ ತತ್ತರಿಸುತ್ತ ಬಂದ. ಗಿರಿಜಾ ಅವನಿಗೆ ನೀರು ಕೊಡಲು ಹೋದಳು, ಆಗಲಿಲ್ಲ. ನಮ್ಮ ಆಟದಲ್ಲಿ ಕೊಡಬೇಕಾದರೆ ಬದಲಿಗೆ ಏನಾದರೂ ತೆಗೆದುಕೊಳ್ಳಬೇಕು. ಒತ್ತಿದರೆ ಸುಮ್ಮನೆ ಕೊಡುವ ಗುಂಡಿಯನ್ನು ಯಾರೂ ಮಾಡಿರಲಿಲ್ಲ. ಬೇಕೆಂದು ಯಾರಿಗೂ ತೋಚಿರಲಿಲ್ಲ.

"ಬದಲಿಗೆ ಒಂದು ಕೊಡಲಿನೋ ಚರ್ಮಾನೋ ತಗೋ" ಎಂದೆ.

"ನೀರಿಗಾ? ನಮ್ಮಪ್ಪ ಕೇಳಿದ್ರೆ ಏನಂದ್ಕೋತಾರೆ" ಎಂದವಳು ಮಡಕೆಯನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ನೆಲದ ಮೇಲೆ ಬಿಟ್ಟದ್ದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು.

ಟೈಲರ್ ಮುಟ್ಟಲಿಲ್ಲ. ಇಂಥ ಆಟಗಳಲ್ಲಿ ಯಾರೂ ಯಾರಿಗೂ ಬಿಟ್ಟಿ ಕೊಡುವುದಿಲ್ಲ; ಕೊಟ್ಟರೆ ಅದರಲ್ಲಿ ವಿಷವಿರುತ್ತದೆ, ಇಲ್ಲವೇ ದಿಣ್ಣೆಯ ಹಿಂದೆ ಕೊಡಲಿ ಹಿಡಿದ ನಾಲ್ವರು ಅಡಗಿರುತ್ತಾರೆ. ಅವನು ಚಪ್ಪರಕ್ಕೆ ದೂರದಿಂದ ಪ್ರದಕ್ಷಿಣೆ ಹಾಕಿದ. ಇದರಲ್ಲೇನು ಮೋಸ ಎಂದು ಹೆಡ್‌ಫೋನಿನಲ್ಲಿ ಕೇಳಿದ. ಗಿರಿಜಾ ತನ್ನ ಇಂಗ್ಲಿಷಿನಲ್ಲಿ, "ನಥಿಂಗ್. ಯೂ ಲುಕ್ ಟಯರ್ಡ್. ಸಿಟ್" ಎಂದಳು. ನಮ್ಮ ಆಟದ ಬೊಂಬೆಗಳ ಮುಖ ಸತ್ತರೂ ಬದಲಾಗುವುದಿಲ್ಲ. ಆಯಾಸ ಅವಳಿಗೆ ಎಲ್ಲಿ ಕಂಡಿತೋ. ನನ್ನ ಕಡೆ ತಿರುಗಿ, "ಪಾಪ ರೀ, ಎಷ್ಟು ದೂರದಿಂದ ಓಡ್ಕೊಂಡ್ ಬಂದಿದಾನೋ" ಎಂದಳು. ಕೊನೆಗೆ ಹೇಗೂ ಸಾಯುವವನೇ ಎಂಬ ಧೈರ್ಯದಿಂದ ಅವನು ಕುಡಿದ. ಸಾಯಲಿಲ್ಲ. ನೆರಳಿಗೆ ಬಂದು ಕೂತ. ಚೇಳಿನ ಕಥೆ ಹೇಳಿದ. ಗಿರಿಜಾ ಅವನ ತಾಯಿ ಎಲ್ಲಿದ್ದಾರೆ, ಎಷ್ಟು ದಿನಕ್ಕೊಮ್ಮೆ ಫೋನ್ ಮಾಡುತ್ತಾನೆ ಎಂಬುದನ್ನೆಲ್ಲ ತಿಳಿದುಕೊಂಡಳು. ಮರಳುಗಾಡಿನ ನಡುವೆ ಒಬ್ಬ ಹೆಂಗಸು ಪುಕ್ಕಟೆ ನೀರು ಕೊಡುತ್ತಿದ್ದಾಳಂತೆ ಎಂಬ ಸುದ್ದಿ ಹಬ್ಬಿತು. ಅದರಲ್ಲಿರುವ ಮೋಸವೇನೆಂದು ಕಂಡುಹಿಡಿಯಲೇ ಜನ ಕಾಡು ಬಿಟ್ಟು, ಕೆರೆ ಬಿಟ್ಟು, ಬಿರುಗಾಳಿ ದಾಟಿಕೊಂಡು ಬಂದರು. ಬಂದವರು ಕೂತರು. ಸಂಜೆಯ ಹೊತ್ತಿಗೆ ಕೂತವರಿಗೆ ನೆರಳು ಸಾಲದೆ ಟೈಲರ್ ಎರಡನೆಯ ಚಪ್ಪರ ಹಾಕಿದ್ದ.

ಸೋಮವಾರ ಕ್ರೇಗ್ ನನ್ನನ್ನು ಕರೆದ. ಎದುರಿನ ಪರದೆಯ ಮೇಲೆ ಆಟದ ನಕಾಶೆಯಿತ್ತು. ಜನ ಹೆಚ್ಚು ಹೊತ್ತು ಕಳೆದ ಜಾಗಗಳು ಅದರಲ್ಲಿ ಕೆಂಪಗೆ ಕಾಣುತ್ತವೆ. ನನ್ನ ಮರಳುಗಾಡು ಯಾವಾಗಲೂ ಒಗೆದು ಹರವಿದ ಪಂಚೆಯ ಹಾಗೆ ಬೆಳ್ಳಗಿರುತ್ತಿತ್ತು. ಅವತ್ತು ಅದರ ನಟ್ಟನಡುವೆ ಕಾಸಿನಗಲದ ಕುಂಕುಮ. ಏನು ಹೊಸದಾಗಿ ಸೇರಿಸಿದೆ ಎಂದು ಕೇಳಿದ. ನಾನು ಏನೂ ಸೇರಿಸಿಲ್ಲ, ನನ್ನ ಹೆಂಡತಿ ಕೂತಿದ್ದಳು ಎಂದೆ. ಅರವಟ್ಟಿಗೆಯೆಂದರೇನೆಂದು ವಿವರಿಸಿದೆ. ಎಲ್ಲ ಕೇಳಿ, ಇದರಿಂದ ಕೊಡುವವರಿಗೆ ಏನು ಲಾಭ ಎಂದು ಕೇಳಿದ. ಆಟದ ನಿಯಮ ಬರೆಯಲು ಅದು ಬೇಕಿತ್ತು. ಅಲ್ಲಿಂದಲೇ ಗಿರಿಜಾಗೆ ಕಾಲ್ ಮಾಡಿದೆ.

"ಕೂತು ಮಾತಾಡೋಕೆ ಜನ ಸಿಗ್ತಾರಲ್ಲ ರೀ. ಇನ್ನೇನ್ ಬೇಕು" ಎಂದಳು.

ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಈ ಊರಿನಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯಲು ವರ್ಷಗಳು ಬೇಕು. ಕ್ರೇಗ್ "ಓಕೆ" ಎಂದ. "ಇಂಟರೆಸ್ಟಿಂಗ್" ಎನ್ನಲಿಲ್ಲ; ಆದ್ದರಿಂದಲೇ ಮರಳುಗಾಡು ಉಳಿಯಿತೆಂದು ನನಗೆ ಗೊತ್ತಾಯಿತು. ಸುಮ್ಮನೆ ಕೊಡುವ ಗುಂಡಿಯನ್ನು ಮಾಡಿದೆವು. ಚಪ್ಪರಗಳು ಹೆಚ್ಚಿದವು. ಆಶ್ಚರ್ಯವೆಂದರೆ, ನನ್ನ ಚೇಳು, ಬಿರುಗಾಳಿಗಳಿಗೂ ಆಗ ಬೆಲೆ ಬಂತು; ನೆರಳಿನಲ್ಲಿ ಕೂತವರಿಗೆ ಹೇಳಿಕೊಳ್ಳಲು ಏನಾದರೂ ಬೇಕಲ್ಲ.

ಇಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಮರಳುಗಾಡಿನ ಕೀರ್ತಿಯಲ್ಲಿ ನನ್ನ ಪಾಲೇನು ಎಂಬ ಹೊಸ ಚಿಂತೆ ಹತ್ತಿತು. ಅಲ್ಲದೆ, ಬಿಸಿಲಿಗೆ ತೆರೆದಿಟ್ಟ ನೀರು ಎಷ್ಟು ಹೊತ್ತು ತಾನೇ ಚೆನ್ನಾಗಿರುತ್ತದೆ? ಒಂದು ಸಣ್ಣ ನಿಯಮ ಸೇರಿಸಿದೆ. ಮಡಕೆಗೆ ಒದ್ದೆ ಬಟ್ಟೆ ಸುತ್ತಬೇಕು; ಅದು ಒಣಗಿ ಬಹಳ ಹೊತ್ತಾದರೆ ನೀರು ಕೆಡುತ್ತದೆ. ಕುಡಿದವನು ಹೊಟ್ಟೆ ಹಿಡಿದುಕೊಂಡು ಸಾಯುತ್ತಾನೆ. ಕೆಟ್ಟಿದೆಯೆಂದು ನೋಡಿದರೆ ಗೊತ್ತಾಗುವುದಿಲ್ಲ. ಕ್ರೇಗ್ ಬಲು ಮೆಚ್ಚಿಕೊಂಡ.

ಮುಂದಿನ ಭಾನುವಾರ ಮಧ್ಯಾಹ್ನ ನನ್ನ ಮರಳುಗಾಡನ್ನು ಒಮ್ಮೆ ಹೆಮ್ಮೆಯಿಂದ ಸುತ್ತಿ ಬರೋಣವೆಂದು, ಬೊಂಬೆಯ ಕೈಗೂ ಒಂದು ಕೊಡೆ ಕೊಟ್ಟು ಆಟದೊಳಗೆ ಹೊಕ್ಕೆ. ನಾನೇ ಮಾಡಿದ ಬಿರುಗಾಳಿ ಎದ್ದಿತು, ನಾನೇ ದಾರಿ ತಪ್ಪಿದೆ. ಪರದೆಯ ಮೂಲೆಯಲ್ಲಿ ಬಾಯಾರಿಕೆ ತೋರಿಸುವ ಪಟ್ಟಿ ತಳ ಕಂಡಿತು. ಅಷ್ಟರಲ್ಲಿ ಧೂಳಿನಾಚೆ ನೆರಳು, ನೆರಳಿನಲ್ಲಿ ಮಡಕೆ. ಗಿರಿಜಾಳದೇ ಚಪ್ಪರ. ಅವಳ ಬೊಂಬೆ ಇನ್ನೊಂದು ಮಡಕೆ ನೀರು ತರಲು ಬಾವಿಗೆ ಹೋಗಿತ್ತು. ಓಡಿಹೋಗಿ ಮಡಕೆಯ ಮುಂದೆ ನಿಂತೆ. ಬಟ್ಟೆ ಒದ್ದೆಯಾಗಿದೆಯೋ, ಒಣಗಿದೆಯೋ? ಧೂಳಿನಲ್ಲಿ ಬಣ್ಣ ತಿಳಿಯಲಿಲ್ಲ. ತುಂಬಿಸಿದ್ದು ಯಾವಾಗ? ಬಗ್ಗಿ ನೋಡಿದೆ. ಆ ಕಡೆಯಿಂದ ಬಂದು ನೋಡಿದೆ. ಟೈಲರ್ ಮಾಡಿದ ಹಾಗೆಯೇ ಒಂದು ಪ್ರದಕ್ಷಿಣೆ ಹಾಕಿದೆ; ಅವನು ಕೊನೆಗೆ ಕುಡಿದಿದ್ದ, ನಾನು ಇನ್ನೊಂದು ಸುತ್ತು ಹಾಕಿದೆ. ಲೆಕ್ಕ ಮುಗಿಯುವ ಮೊದಲೇ ಬಾಯಾರಿಕೆ ಮಿತಿಮೀರಿ, ತುಂಬಿದ ಮಡಕೆಗೆ ಕೈಯಳತೆಯಲ್ಲಿ ಮಕಾಡೆ ಬಿದ್ದು ಸತ್ತೆ.

ಪಕ್ಕದ ಕೋಣೆಯಿಂದ ಗಿರಿಜಾ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಬಂದಳು. ಅರವಟ್ಟಿಗೆಯ ಮುಂದೆ ಯಾರೋ ಬಾಯಾರಿ ಸತ್ತಿದ್ದಾರೆಂದು ಟೈಲರ್ ಅವಳಿಗೆ ಹೇಳಿದ್ದ. ಹೆಣದ ಪಕ್ಕದಲ್ಲಿ ಬಿದ್ದ ಕೊಡೆಯನ್ನು ನೋಡಿ ಇದು ನಿಮ್ಮ ಯಜಮಾನರೇ ಇರಬೇಕೆಂದನಂತೆ.

"ಆಗ ತಾನೇ ತುಂಬಿಸಿಟ್ಟಿದ್ದೆ ರೀ. ಒಂದ್ ಮಾತು ಕೂಗಿ ಕೇಳಬಾರ್ದಿತ್ತಾ? ಪಕ್ಕದ ರೂಮಲ್ಲೇ ಇದ್ನಲ್ಲ" ಎಂದಳು.

ಹೊಸ ನಿಯಮದ ವಿಷಯ ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಅವಳು ನಕ್ಕು ಅಡುಗೆಮನೆಗೆ ಹೋಗಿ ಒಂದು ದೊಡ್ಡ ಲೋಟ ಮಜ್ಜಿಗೆ ತಂದು ಕೊಟ್ಟಳು. ಕೊತ್ತಂಬರಿ, ಶುಂಠಿ ಹಾಕಿದ್ದು. ನಾನು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅವಳು ಆ ಕಡೆ ತಿರುಗುವವರೆಗೆ ಕಾದು, ಕುಡಿದೆ. ಕುಡಿಯುವ ಮುಂಚೆ ಮೂಸಿದ್ದು ಅವಳಿಗೆ ಕಾಣಲಿಲ್ಲವೆಂದೇ ಇವತ್ತಿಗೂ ನಂಬಿಕೊಂಡಿದ್ದೇನೆ.