ಭಾವನ ಕಂಡಕ್ಟರ್ ಪ್ಲಗಿನ್

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಯಾವ ವಸ್ತುವನ್ನೂ ತಂದ ಹಾಗೆಯೇ ಬಳಸಿ ಗೊತ್ತಿಲ್ಲ. ಏನಾದರೊಂದು ಸಿಕ್ಕಿಸಲೇಬೇಕು. ಆ ಮನೆಯಲ್ಲಿ ಹೆಚ್ಚುವರಿ ಬಿಡಿಭಾಗವಿಲ್ಲದೆ ಉಳಿದದ್ದು ಅಕ್ಕ ಒಬ್ಬಳೇ!

ಭಾವ ಕಾಪುವಿನಿಂದ ದಿನಾ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಸಾಫ್ಟ್‌ವೇರ್ ಬರೆಯುವವರು. ನಾನೂ ಅದೇ ಕಸುಬಿನವಳು, ಕಾರ್ಕಳದ ಮನೆಯಲ್ಲೇ ಕುಳಿತು ಬರೆಯುತ್ತೇನೆ. ನಾವು ಕೋಡ್ ಬರೆಯುವ ಜಾಗಕ್ಕೆ ಎಡಿಟರ್ ಎನ್ನುತ್ತಾರೆ. ಅದು ಸಾಲದವರು ಪ್ಲಗಿನ್ ಎಂಬ ತುಂಡೊಂದನ್ನು ಅದಕ್ಕೆ ಸಿಕ್ಕಿಸಿಕೊಳ್ಳಬಹುದು, ಮಿಕ್ಸಿಗೆ ಇನ್ನೊಂದು ಜಾರ್ ತಂದ ಹಾಗೆ. ನಾವೆಲ್ಲ ಯಾರೋ ಮಾಡಿಟ್ಟ ಜಾರ್ ತರುತ್ತೇವೆ. ಭಾವ ತಾವೇ ಮಾಡಲು ಕೂರುತ್ತಾರೆ.

ಎಂಥೆಂಥ ಪ್ಲಗಿನ್‌ಗಳು ಅಂತೀರಿ? ಒಂದು, ಕೋಡ್ ಸ್ವಲ್ಪ ಉದ್ದವಾದರೆ "ಸಾಕು ಮಾರಾಯ, ಮುಗಿಸು" ಎಂದು ಪರದೆಯ ಮೂಲೆಯಲ್ಲಿ ಬರೆಯುತ್ತಿತ್ತು. ಅದನ್ನು ಕಂಡ ಅವರ ಸಹೋದ್ಯೋಗಿಗಳು, ಮ್ಯಾನೇಜರ್ ಮೀಟಿಂಗಿಗೂ ಒಂದು ಮಾಡಿಕೊಡಿ ಎಂದು ಬೆನ್ನು ಹತ್ತಿದರು. ಇನ್ನೊಂದು, ಬೆಳಿಗ್ಗೆ ಹನ್ನೊಂದಕ್ಕೆ ಎಡಿಟರಿಗೆ ಬೀಗ ಹಾಕುತ್ತಿತ್ತು. ಚಹಾ ಕುಡಿದು ಬಂದು "ಕುಡಿದೆ" ಎಂದು ಟೈಪ್ ಮಾಡಿದರೆ ಮಾತ್ರ ತೆರೆಯುವುದು. ಅದನ್ನು ನನ್ನ ಎಡಿಟರಿಗೂ ಸಿಕ್ಕಿಸಿದ್ದರು. ನಾನು ಕುಡಿಯದೆಯೇ ಸುಳ್ಳು ಹೇಳಿದೆ. "ಇಷ್ಟು ಬೇಗವಾ? ಬಿಸಿ ಇರಲಿಲ್ವಾ?" ಎಂದು ಕೇಳಿತು. ನಾನು ಎದ್ದು ಹೋಗಿ ಚಹಾ ಮಾಡಿದೆ.

ಕಳೆದ ವರ್ಷ ನನ್ನ ಎರಡೂ ಕಣ್ಣುಗಳ ನಡುಭಾಗ ಮಸುಕಾಯಿತು. ಎದುರಿದ್ದವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಪರದೆಯನ್ನು ಓದಿ ಹೇಳುವ ತಂತ್ರಾಂಶ ಉಂಟು, ಇಲ್ಲವೆಂದಲ್ಲ. ಆದರೆ ಅದು ಒಂದೊಂದು ಚುಕ್ಕಿ, ಒಂದೊಂದು ಆವರಣ ಚಿಹ್ನೆಯನ್ನೂ ಬಿಡದೆ ಓದುತ್ತದೆ. ಹತ್ತು ಸಾಲು ಕೇಳುವಷ್ಟರಲ್ಲಿ ನಾನು ಎಲ್ಲಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ. ಇಷ್ಟಪಟ್ಟು ಕಲಿತ ಕೆಲಸ ಕೈಬಿಟ್ಟು ಹೋಗುತ್ತಿತ್ತು. ಕೊನೆಗೆ ಭಾವನ ಹತ್ತಿರವೇ ರಾಜೀನಾಮೆ ಪತ್ರ ಬರೆದುಕೊಡಿ ಎಂದೆ. ಅವರು ನನ್ನ ಲ್ಯಾಪ್‌ಟಾಪಿನ ಎಡಿಟರಿನಲ್ಲೇ ಬರೆದಿಟ್ಟರು. ತಿಂಗಳ ಕೊನೆಗೆ ಕಳಿಸುವುದೆಂದು ನಾನು ಹಾಗೆಯೇ ಇಟ್ಟುಕೊಂಡೆ.

ಆ ವಾರ ಅಕ್ಕನ ಮನೆಗೆ ಹೋಗಿದ್ದವಳು ಕಾಪುವಿನಿಂದ ಭಾವನ ಜೊತೆ ಬಸ್ಸಿನಲ್ಲಿ ಮಣಿಪಾಲಕ್ಕೆ ಕಣ್ಣಿನ ತಪಾಸಣೆಗೆ ಹೊರಟೆ. "ಕಟಪಾಡಿ, ಕಟಪಾಡಿ, ಯಾರು ಇಳಿಯುವುದು?" ಎಂದು ಕಂಡಕ್ಟರ್ ಕೂಗಿದ.

"ಎಲ್ಲಿದ್ದೇನೆಂದು ತಿಳಿಯಲಿಕ್ಕೆ ಬಸ್ಸಿನಲ್ಲಿ ಕಣ್ಣು ಬೇಡ ಭಾವ, ಇವನೇ ಸಾಕು" ಎಂದೆ.

ಭಾವ, "ಅವನು ದಾರಿಯ ಮರಗಳನ್ನೆಲ್ಲ ಓದಿ ಹೇಳುವುದಿಲ್ಲ, ಅಲ್ವಾ?" ಎಂದರು. ಮಣಿಪಾಲದವರೆಗೆ ಕಂಡಕ್ಟರ್ ಕೂಗಿದ್ದನ್ನೆಲ್ಲ ಬಾಯೊಳಗೇ ಹೇಳಿಕೊಳ್ಳುತ್ತಾ ಬಂದರು.

ನಾಲ್ಕು ದಿನ ಬಿಟ್ಟು ಅಕ್ಕನ ಫೋನು. "ನಿನ್ನ ಭಾವನಿಗೆ ಎಂತದೋ ಆಗಿದೆ ಮಾರಾಯ್ತಿ. ಕಣ್ಣಿಗೆ ಮೈ ಒರೆಸುವ ಬೈರಾಸು ಕಟ್ಟಿಕೊಂಡು ಕಂಪ್ಯೂಟರಿನ ಎದುರು ಕೂರುತ್ತಾರೆ. ಒಬ್ಬರೇ ಬೊಬ್ಬೆ ಹೊಡೆಯುತ್ತಾರೆ. ಹಾಗೆಯೇ ಎದ್ದು ಹೋಗಿ ಮೇಜಿಗೆ ಬಡಿದು ಮೊಣಕಾಲು ಊದಿಸಿಕೊಂಡಿದ್ದಾರೆ." ನಾನು ಹೊಟ್ಟೆ ಹಿಡಿದು ನಕ್ಕೆ. ಈ ಸಲ ಭಾವನ ತಲೆ ಪೂರ್ತಿ ಕೆಟ್ಟಿತು ಎಂದುಕೊಂಡೆ.

ತಿಂಗಳ ಕೊನೆಯ ಭಾನುವಾರ ಭಾವ ಕುಂಟುತ್ತಾ ಕಾರ್ಕಳಕ್ಕೆ ಬಂದು ನನ್ನ ಎಡಿಟರಿಗೆ ಒಂದು ಪ್ಲಗಿನ್ ಸಿಕ್ಕಿಸಿದರು. ಕೋಡ್ ತೆರೆದರೆ ಅವರದ್ದೇ ಗಂಟಲು, ಥೇಟ್ ಬಸ್ಸಿನ ಬಾಗಿಲಲ್ಲಿ ನಿಂತ ಹಾಗೆ. "ಬಿಲ್ ಲೆಕ್ಕದ ಭಾಗ, ಒಳಗೆ ಬನ್ನಿ, ಒಳಗೆ ಬನ್ನಿ. ಮುಂದೆ ಎರಡು ದಾರಿ ಉಂಟು. ಎಡದ್ದರಲ್ಲಿ ತಪ್ಪುಂಟು, ನೋಡಿ ಇಳಿಯಿರಿ!" ಚುಕ್ಕಿ, ಆವರಣ ಒಂದೂ ಇಲ್ಲ, ಇಳಿಯುವ ಜಾಗಗಳಷ್ಟೇ. ತಿಂಗಳಿಂದ ಸಿಗದಿದ್ದ ತಪ್ಪೊಂದನ್ನು ಅಂದು ಮಧ್ಯಾಹ್ನವೇ ಹಿಡಿದೆ. ಭಾವ ಅದನ್ನು ಎಲ್ಲರಿಗೂ ಸುಮ್ಮನೆ ಕೊಟ್ಟರು. ಈಗ ಯಾವ್ಯಾವುದೋ ಊರಿನ ಕಣ್ಣು ಕಾಣದವರು ಅದನ್ನು ತಮ್ಮ ಭಾಷೆಗೆ ಮಾಡಿಕೊಂಡು ದುಡಿಯುತ್ತಿದ್ದಾರೆ. ಅದನ್ನು ಮಾಡಿದವರು ನನ್ನ ಭಾವ ಎಂದು ಕೇಳದವರಿಗೂ ಹೇಳುತ್ತೇನೆ. ಹೆಮ್ಮೆ ಇದ್ದರೆ ಬಚ್ಚಿಡುವುದೆಂತಕ್ಕೆ?

ಮೊನ್ನೆ ಒಂದು ದಿನ ಮಾತ್ರ ಯಾವುದೂ ಸರಿಹೋಗಲಿಲ್ಲ. ತಲೆ ಸಿಡಿಯುತ್ತಿತ್ತು, ಸಾಕೇ ಸಾಕು ಎನಿಸಿತ್ತು. ಕಳಿಸಿಯೇ ಬಿಡುತ್ತೇನೆಂದು ಆ ರಾಜೀನಾಮೆ ಪತ್ರ ತೆರೆದೆ. ಭಾವನದೇ ಧ್ವನಿ ಬಂತು, ಆದರೆ ಬೊಬ್ಬೆ ಇರಲಿಲ್ಲ.

"ಇಲ್ಲಿ ಸ್ಟಾಪ್ ಇಲ್ಲ ಮಾರಾಯ್ತಿ. ಕೂತ್ಕೋ."

ಕಣ್ಣು ತುಂಬಿ, ಕಾಣುವಷ್ಟೂ ಕಾಣದಾಯಿತು. ಆ ಪತ್ರವನ್ನು ನಾನಿನ್ನೂ ಅಳಿಸಿಲ್ಲ. ಆಗಾಗ ತೆರೆಯುತ್ತೇನೆ, ಅದನ್ನು ಕೇಳಲಿಕ್ಕೆ.