ಹಿಂದಿನ ಸೀಟಿನ ಮಾವ

ಎಲ್ಲಕ್ಕೂ ಕಾರಣ ಒಂದು ಅರ್ಧ ಮಾತು. ಕನ್ನಡಕದಂಗಡಿಯವನು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಹಳೇ ಕಾರುಗಳ ಕ್ಲಬ್ಬಿನ ತಪಾಸಕ ಫೋನ್ ಮಾಡಿದ. ಭಾನುವಾರದ ರೇಸಿಗೆ ಹೆಸರು ಕೊಟ್ಟವರೆಲ್ಲ ಇವತ್ತು ಸಂಜೆ ನಾಲ್ಕಕ್ಕೆ ಕಾರು ತಂದು ತೋರಿಸಬೇಕು ಎಂದ. ಕೊನೆಗೆ, "ಹಿಂದಿನ ಸೀಟು ಆ ಕಾರಿಂದೇ ಇದೆ ತಾನೆ? ಇಲ್ಲಾಂದ್ರೆ..." ಎಂದ.

"ಇದೆ ಸಾರ್, ಇದೆ," ಎಂದು ಕನ್ನಡಕದವನು ಬಾಯ್ತುಂಬ ನೊರೆಯಿಟ್ಟುಕೊಂಡೇ ಹೇಳಿ ಫೋನ್ ಇಟ್ಟುಬಿಟ್ಟ. ಇಟ್ಟು ಬಾಯಿ ಮುಕ್ಕಳಿಸಿದ. ಇಲ್ಲಾಂದ್ರೆ ಏನು? ತಿರುಗಿ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ತಪಾಸಕ ಆಗಲೇ ಯಾವುದೋ ಕಾರಿನ ಅಡಿಯಲ್ಲಿ ಮಲಗಿರಬೇಕು.

ಸೀಟು ಇದ್ದದ್ದು ನಿಜ. ಅದರ ಮೇಲೆ ಮಾವ ಇದ್ದದ್ದೂ ಅಷ್ಟೇ ನಿಜ.

ಟೂರಿಂಗ್ ಕಾರ್ ರೇಸ್ ಎಂದರೆ ಉದ್ದ ಮೂತಿಯ, ಒಬ್ಬನೇ ಕೂರುವ ಕಾರುಗಳ ಓಟವಲ್ಲ. ನಾಲ್ಕು ಬಾಗಿಲು, ಒಂದು ಡಿಕ್ಕಿ, ಹಿಂದೊಂದು ಸೀಟು ಇರುವ, ಮನೆಮಂದಿಯೆಲ್ಲ ಮದುವೆಗೆ ಹೋಗುವಂಥ ಕಾರುಗಳ ಓಟ. ಮುಹೂರ್ತ ಮೀರಿಹೋಗುತ್ತಿದೆ ಎನ್ನುವಂತೆ ಓಡಿಸಬೇಕು, ಅಷ್ಟೆ. ಕನ್ನಡಕದವನ ಕಾರು ತನ್ನ ಪ್ರಾಯದಲ್ಲಿ ಹಾಗೆ ಓಡಿದ್ದು. ಆಮೇಲೆ ಯಾರದೋ ಗೋದಾಮಿನಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಅದನ್ನು ಇವನು ತಂದು, ಆರು ವರ್ಷ ಕೂತು, ಮೊಳೆ ಮೊಳೆಯಾಗಿ ಎಬ್ಬಿಸಿದ್ದ. ಹೊಸ ಭಾಗ ಹಾಕುವುದು ಅವನ ಜಾಯಮಾನಕ್ಕೆ ಒಗ್ಗದು. ಹಳೆಯದನ್ನೇ ಉಜ್ಜಿ, ತಿಕ್ಕಿ, ತುಂಡಾಗಿದ್ದರೆ ಬೆಸೆದು ಕೂರಿಸಿದ್ದ. ಮಸೂರದ ಪವರ್ ಕಾಲು ಪಾಲು ಹೆಚ್ಚುಕಡಿಮೆಯಾದರೆ ರಾತ್ರಿ ನಿದ್ದೆ ಬಾರದ ಆ ಮನುಷ್ಯ ಹುಟ್ಟಿದಾಗಿನಿಂದ ಯಾವುದರಲ್ಲೂ ಅವಸರ ಮಾಡಿದವನಲ್ಲ. ಆದ್ದರಿಂದಲೇ ಒಮ್ಮೆ, ಒಂದೇ ಒಂದು ಸಲ, ಕಾರನ್ನು ಅದರ ಉಸಿರು ಕಟ್ಟುವಷ್ಟು ಓಡಿಸಬೇಕೆಂಬುದು ಅವನ ಜೀವದ ಆಸೆ.

ಕಾರಿನ ನೆಲದ ತಗಡು ಬೆಸೆಯುವಾಗ ಸೀಟು ಬಿಚ್ಚಿ ವರಾಂಡದಲ್ಲಿ ಇಟ್ಟಿದ್ದ. ಅದೇ ವಾರ ಮಾವ ಮಗಳನ್ನು ನೋಡಿಕೊಂಡು ಹೋಗಲು ಬಂದರು. ಯಾವ ಕುರ್ಚಿಯಲ್ಲಿ ಕೂತರೂ ನೋಯುತ್ತಿದ್ದ ಅವರ ಸೊಂಟ ಈ ಸೀಟಿನಲ್ಲಿ ಕೂತ ಕೂಡಲೇ ಮಗುವಿನಂತೆ ಸುಮ್ಮನಾಯಿತು. ಮಾವ ಹೋಗಲಿಲ್ಲ. ಬಡಗಿ ಬಂದು ಸೀಟಿಗೆ ಕಾಲು ಹೊಡೆದ. ಕೂತು ಕೂತು ಸವೆಯುತ್ತದೆಂದು ಹೆಂಡತಿ ಅದಕ್ಕೆ ಹತ್ತಿ ಹಾಕಿ ಗೆರೆಬಟ್ಟೆಯ ಕವಚ ಹೊಲಿದಳು, ಅದರ ಮೇಲೆ ಹೂಬಟ್ಟೆಯದು ಹೊಲಿದಳು. ಮಾವ ಪತ್ರಿಕೆ ಓದುವುದು, ತೂಕಡಿಸುವುದು, ಬೀದಿಯ ಮೇಲ್ವಿಚಾರಣೆ ನಡೆಸುವುದು ಎಲ್ಲ ಅಲ್ಲಿಂದಲೇ.

"ಎರಡೇ ಗಂಟೆ ಮಾವ," ಎಂದು ಕನ್ನಡಕದವನು ಕೇಳಿದ.

"ಆ ಎರಡು ಗಂಟೆ ನಾನೇನು ಗಾಳೀಲಿ ಕೂತ್ಕೊಳ್ಳಲಾ ಅಳಿಯಂದ್ರೇ?" ಎಂದರು ಮಾವ, ಪತ್ರಿಕೆ ಇಳಿಸದೆ. ಹೆಂಡತಿ ಅಡುಗೆಮನೆಯಿಂದಲೇ ತಂದೆಯ ಪರ ವಹಿಸಿದಳು. ಸೀಟಿಲ್ಲದೆ ಓಡುವುದಿಲ್ಲ ಎನ್ನುವಂಥ ಕಾರು ಅದೆಂಥ ಕಾರು ಎಂಬುದು ಅವಳ ಪ್ರಶ್ನೆ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ವಿಮಾ ಏಜೆಂಟರು ಕಾಂಪೌಂಡಿನ ಮೇಲೆ ಮೊಣಕೈ ಊರಿದರು. ಬೀದಿಯಲ್ಲಿ ಅವರ ಹೆಸರು 'ಸಲಹೆ'. ಅವರಿಗೆ ಸೀಟಿನ ವಿಷಯಕ್ಕಿಂತ ಆ ಅರ್ಧ ಮಾತು ರುಚಿಸಿತು. ಇಲ್ಲಾಂದ್ರೆ ಎಂದವನು ದನಿ ಏರಿಸಿದನೋ ಇಳಿಸಿದನೋ ಎಂದು ವಿಚಾರಿಸಿದರು. ಏರಿಸಿದ ಹಾಗಿತ್ತು ಎಂದ ಕನ್ನಡಕದವನು.

"ಹಾಗಾದ್ರೆ ಮುಗೀತು. ನಾನು ಜೀವಮಾನ ಪೂರ್ತಿ ಜನಕ್ಕೆ ಇಲ್ಲಾಂದ್ರೆ ಅಂತಲೇ ಹೇಳ್ಕೊಂಡು ಬಂದೋನು. ಅದರ ಮುಂದೆ ಒಳ್ಳೇ ಸುದ್ದಿ ಬಂದದ್ದು ಒಂದು ಸಲಾನೂ ಇಲ್ಲ," ಎಂದರು ಸಲಹೆ.

ಅವರ ಸಲಹೆಯಂತೆ, ಮಾವ ಸ್ನಾನಕ್ಕೆ ಹೋದಾಗ ಇಬ್ಬರೂ ಸೇರಿ ಸೀಟನ್ನು ಎತ್ತಿದರು. ವರಾಂಡದ ಬಾಗಿಲಿನವರೆಗೆ ಅದು ಸಾಧುವಾಗಿ ಬಂತು. ಬಾಗಿಲಲ್ಲಿ ಬಡಗಿ ಹೊಡೆದ ಕಾಲು ಚೌಕಟ್ಟಿಗೆ ಸಿಕ್ಕಿ, ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಬಲಕ್ಕೆ ವಾಲಿಸಿ ಎಂದು ಸಲಹೆ, ಎಡಕ್ಕೆ ಎಂದು ಕನ್ನಡಕದವನು ಚರ್ಚಿಸುತ್ತಿರುವಾಗ ಮಾವ ಟವೆಲ್ ಸುತ್ತಿಕೊಂಡು ಹೊರಗೆ ಬಂದರು. ಅವರು ಬೈಯಲಿಲ್ಲ. ನೆಟ್ಟಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡ ಸೀಟಿನ ಮೇಲೆ ಹಾಗೇ ಕೂತರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಕನ್ನಡಕಕ್ಕೆಂದು ಅಂಗಡಿಗೆ ಹೋಗಿ, ಬೀಗ ನೋಡಿ ಮನೆ ಹುಡುಕಿಕೊಂಡು ಬಂದ ಗಿರಾಕಿಯೊಬ್ಬ ದಾರಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ತನ್ನ ಕಣ್ಣು ತಾನಂದುಕೊಂಡದ್ದಕ್ಕಿಂತಲೂ ಕೆಟ್ಟಿದೆ ಎಂದುಕೊಂಡು ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಒಪ್ಪಂದವಾಯಿತು. ಸೀಟು ಹೋಗುವುದಾದರೆ ಮಾವನೂ ಹೋಗುವುದು. ಸೀಟಿನ ಕಾಲು ಗರಗಸದಿಂದ ಕೊಯ್ದದ್ದಾಯಿತು. ಆದರೆ ಎರಡು ಕವಚದ ದಪ್ಪಕ್ಕೆ ಸೀಟು ಕಾರಿನೊಳಗೆ ಕೂರಲೊಲ್ಲದು. ಕತ್ತರಿ ಹಿಡಿದು ಬಂದ ಹೆಂಡತಿ ಹೂಬಟ್ಟೆ ಬಿಚ್ಚಿದಳು. ಗೆರೆಬಟ್ಟೆ ಬಿಚ್ಚಿ ಹತ್ತಿ ಕಿತ್ತಳು. ಹತ್ತಿಯ ಜೊತೆಗೆ ಮಾತ್ರೆಗಳು ಉದುರಿದವು. ಬಿಳಿ, ಹಳದಿ, ಗುಲಾಬಿ. ಬೆಳಿಗ್ಗೆ ಸಂಜೆ ನೀರಿನ ಲೋಟದ ಜೊತೆ ಅವಳೇ ತಂದೆಯ ಕೈಗೆ ಕೊಟ್ಟು ಹೋದ ಮಾತ್ರೆಗಳು.

"ಅಪ್ಪ," ಎಂದಳು ಅವಳು.

"ಸೀಟಿಗೂ ಸೊಂಟ ಇದೆಯಲ್ಲಮ್ಮ," ಎಂದು ಮಾವ ಬೇರೆ ಕಡೆ ನೋಡಿದರು.

ಆ ಜಗಳ ಇಲ್ಲಿ ಬೇಡ. ಕವಚದ ಅಡಿಯಿಂದ ಹೊರಬಂದದ್ದು ಮಾತ್ರ ನೋಡುವಂತಿತ್ತು. ಕಡುಗೆಂಪು ರೆಕ್ಸಿನ್, ಒಂದು ಬಿರುಕಿಲ್ಲ, ಒಂದು ಹೊಲಿಗೆ ಬಿಟ್ಟಿಲ್ಲ. ಕನ್ನಡಕದವನು ಬೆರಳು ಆಡಿಸಿ ನೋಡಿದ. ಸೀಟು ತನ್ನ ಜಾಗದಲ್ಲಿ ಟಕ್ಕೆಂದು ಕೂತಿತು, ಅದರ ಮೇಲೆ ಮಾವ ಕೂತರು. ಕರೆಯದಿದ್ದರೂ ಸಲಹೆ ಮುಂದೆ ಹತ್ತಿದರು.

ದಾರಿಯುದ್ದಕ್ಕೂ ಸಲಹೆ ಗೇರಿನ ಬಗ್ಗೆ ಹೇಳಿದರು. ಮಾವ ಹಿಂದಿನಿಂದ ಒಂದೇ ಮಾತು ಹೇಳಿದರು, "ನಿಧಾನ." ಸೈಕಲ್ ಸವಾರನೊಬ್ಬ ಇವರನ್ನು ದಾಟಿ ಮುಂದೆ ಹೋಗಿ ಮರುಕದಿಂದ ತಿರುಗಿ ನೋಡಿದ. ಕನ್ನಡಕದವನು ಹಲ್ಲು ಕಚ್ಚಿ ಭಾನುವಾರವನ್ನು ನೆನೆದ. ಭಾನುವಾರ ಹಿಂದಿನ ಸೀಟು ಖಾಲಿಯಿರುತ್ತದೆ.

ರೇಸ್ ಮೈದಾನದ ಶೆಡ್ಡಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ತಪಾಸಕ ಟಾರ್ಚು, ಕೋಲಿಗೆ ಕಟ್ಟಿದ ಕನ್ನಡಿ ಹಿಡಿದ ಸಣಕಲು ಮನುಷ್ಯ. ಎಂಜಿನ್ ನೋಡಿದ, ನೆಲ ನೋಡಿದ, ಕೊನೆಗೆ ಹಿಂದಿನ ಬಾಗಿಲು ತೆಗೆದ.

"ಇವರು?"

"ಸೀಟಿನ ಜೊತೆ ಬಂದೋರು," ಎಂದ ಕನ್ನಡಕದವನು.

ತಪಾಸಕ ಮಾವನನ್ನು ಸ್ವಲ್ಪ ಸರಿಯಲು ಹೇಳಿ ರೆಕ್ಸಿನ್ ಒತ್ತಿದ, ಮೂಸಿದ. ಸೀಟಿನ ಬೆನ್ನ ಹಿಂದೆ ಕನ್ನಡಿ ತೂರಿಸಿ ಟಾರ್ಚು ಬಿಟ್ಟ. ಕಾರ್ಖಾನೆಯಲ್ಲಿ ಯಾರೋ ಸೀಮೆಸುಣ್ಣದಲ್ಲಿ ಬರೆದ ಸಂಖ್ಯೆ ಅಲ್ಲಿ ಅಳಿಸದೆ ಉಳಿದಿತ್ತು. ಬಾನೆಟ್ಟಿನ ಅಡಿಯ ಸಂಖ್ಯೆಯೂ ಅದೇ. ತಪಾಸಕ ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. ಇಂಥದ್ದನ್ನು ತನ್ನ ಸರ್ವೀಸಿನಲ್ಲಿ ಕಂಡಿಲ್ಲ, ಮೈಮೇಲಿನ ಒಂದು ಮೊಳೆಯೂ ಬೇರೆಯವರದ್ದಲ್ಲ ಎಂದ. ಸೀಟನ್ನು ಇಷ್ಟು ಚೆನ್ನಾಗಿ ಕಾಪಾಡಿದವರು ಯಾರು ಎಂದು ಕೇಳಿದ.

"ನಾನೇ. ಒಂದು ದಿನವೂ ಬಿಟ್ಟು ಎದ್ದಿಲ್ಲ," ಎಂದರು ಮಾವ.

ತಪಾಸಕ ಅವರ ಕೈ ಕುಲುಕಿದ. ತನ್ನ ಫಾರಂನಲ್ಲಿ ಸಂರಕ್ಷಕರು ಎಂಬಲ್ಲಿ ಮಾವನ ಹೆಸರು ಬರೆದುಕೊಂಡ. ಕನ್ನಡಕದವನಿಗೆ ಅದೂ ಚುಚ್ಚಲಿಲ್ಲ, ಅಷ್ಟು ಹಿಗ್ಗಿದ್ದ. ಭಾನುವಾರ ತನ್ನ ನಂಬರ್ ಎಷ್ಟು ಎಂದು ಕೇಳಿದ.

"ನಂಬರ್ರಾ?" ತಪಾಸಕ ಗಾಬರಿಯಿಂದ ನೋಡಿದ. "ಇದನ್ನ ರೇಸಿಗೆ ಬಿಡ್ತೀವಾ ಸಾರ್? ಯಾರಾದ್ರೂ ಬಂದು ಗುದ್ದಿದ್ರೆ? ಇದು ಈಗ ಸಂರಕ್ಷಿತ ವರ್ಗ. ಪ್ರದರ್ಶನಕ್ಕೆ ಮಾತ್ರ, ಅದೂ ತಳ್ಕೊಂಡು ಬರಬೇಕು."

ಸಾಲಿನಲ್ಲಿದ್ದ ಉಳಿದ ಕಾರುಗಳನ್ನು ಕನ್ನಡಕದವನು ತೋರಿಸಿದ. ಅವು ಓಡುವುದಿಲ್ಲವೇ? ಓಡುತ್ತವೆ, ಎಂದ ತಪಾಸಕ. ಅವುಗಳಲ್ಲಿ ಒಂದರದ್ದೂ ಹಿಂದಿನ ಸೀಟು ಅದರದ್ದಲ್ಲ.

ಕನ್ನಡಕದವನು ಬಾನೆಟ್ಟಿಗೆ ಒರಗಿ ನಿಂತ. ಮೆಲ್ಲಗೆ, "ಬೆಳಿಗ್ಗೆ ನೀವು ಇಲ್ಲಾಂದ್ರೆ ಅಂದ್ರಲ್ಲ," ಎಂದ.

"ಹೌದು. ಇಲ್ಲಾಂದ್ರೆ ನಮ್ಮ ಶೆಡ್ಡಲ್ಲೇ ಹೊಸ ಸೀಟುಗಳಿವೆ, ಒಂದು ಹಾಕಿ ರೇಸಿಗೆ ಬಿಡೋಣ ಅಂತ ಹೇಳೋಕೆ ಹೊರಟಿದ್ದೆ. ನೀವು ಫೋನ್ ಇಟ್ಬಿಟ್ರಿ," ಎಂದು ತಪಾಸಕ ಸೀಟಿನ ಬೋಲ್ಟುಗಳಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದ. ಇನ್ನು ಅದನ್ನು ಕಾರಿನಿಂದ ಯಾರೂ ಬಿಚ್ಚುವಂತಿಲ್ಲ.

ಸಲಹೆ ಮಾತ್ರ, ತಾನು ಹೇಳಿದ್ದು ಸುಳ್ಳಾಗಲಿಲ್ಲ, ಬಂದದ್ದು ಒಳ್ಳೆ ಸುದ್ದಿಯಲ್ಲವಲ್ಲ ಎಂದು ಸಮಾಧಾನಪಟ್ಟರು.

ವರಾಂಡ ಈಗ ಖಾಲಿ. ಕಾರು ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಬೆಳಿಗ್ಗೆ ಎದ್ದೊಡನೆ ಮಾವ ಪತ್ರಿಕೆ ಹಿಡಿದು ಅದರ ಹಿಂದಿನ ಬಾಗಿಲು ತೆಗೆದು ಹತ್ತುತ್ತಾರೆ. ಮಗಳು ಕಿಟಕಿಯಲ್ಲಿ ಮಾತ್ರೆ ಕೊಟ್ಟು, ನುಂಗುವವರೆಗೂ ನಿಂತಿರುತ್ತಾಳೆ. ಭಾನುವಾರ ಸಂಜೆ, ಊರಾಚೆಯ ಮೈದಾನದಿಂದ ಎಂಜಿನ್‌ಗಳ ಸದ್ದು ತೇಲಿ ಬರುತ್ತಿದ್ದಾಗ, ಕನ್ನಡಕದವನು ಶೆಡ್ಡಿಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿದ. ಕ್ಲಚ್ ಒತ್ತಿ ಗೇರು ಬದಲಿಸಿದ. ಕೊನೆಯ ತಿರುವು ಹತ್ತಿರ ಬಂತು. ಮುಂದಿನವನನ್ನು ಒಳಗಿನಿಂದ ದಾಟಲು ಮೈಯನ್ನು ಎಡಕ್ಕೆ ವಾಲಿಸಿದ.

ಹಿಂದಿನಿಂದ ಪತ್ರಿಕೆಯ ಹಾಳೆ ಮಗುಚಿದ ಸದ್ದಾಯಿತು.

"ಅಳಿಯಂದ್ರೇ," ಎಂದರು ಮಾವ, "ನಿಧಾನ."