ವರನ ಪುಟದಲ್ಲಿ ಕೊಬ್ಬರಿ

ಗುಬ್ಬಿಯ ಕೊಬ್ಬರಿ ಮಂಡಿಯ ಲಕ್ಷ್ಮೀನರಸಿಂಹಯ್ಯನವರಿಗೆ ತಮ್ಮ ವೆಬ್‌ಸೈಟಿನ 'ವಾರ' ಎಂಬ ಧಾರಣೆ ಪುಟದ ಹೆಸರು ಹಿಡಿಸಲಿಲ್ಲ. "ವಾರ ಗೀರ ಬ್ಯಾಡ, ಕೊಬ್ರಿ ಅಂತ್ಲೇ ಇರ್ಲಿ. ಹಳೇ ಅಡ್ರೆಸ್‌ಗೆ ಬಂದೋರೂ ಅಲ್ಲಿಗೇ ಬರ್ಬೇಕು," ಎಂದರು.

ಸದಾಶಿವನಗರದ ಬಾಡಿಗೆ ಕೋಣೆಯಲ್ಲಿ ಕೂತು ವೆಬ್‌ಸೈಟು ಮಾಡಿಕೊಡುತ್ತಿದ್ದ ಹನುಮಂತರಾಜುವಿಗೆ ಇದು ಒಂದು ಸಾಲಿನ ಕೆಲಸ. 'ವಾರ' ಕೇಳಿದವರನ್ನು 'ಕೊಬ್ಬರಿ'ಗೆ ಕಳಿಸುವಂತೆ ರೀಡೈರೆಕ್ಟ್ ಬರೆದು ಕಾಫಿಗೆ ಎದ್ದ. ಅದೇ ಸಾಫ್ಟ್‌ವೇರಿನಲ್ಲಿ ಕ್ಯಾತ್ಸಂದ್ರದ ರಂಗಲಕ್ಷ್ಮಮ್ಮನವರ ವಧೂವರರ ಕೇಂದ್ರದ ವೆಬ್‌ಸೈಟೂ ನಡೆಯುತ್ತಿತ್ತು; ಅಲ್ಲಿ ಗಂಡುಗಳ ಪುಟದ ಹೆಸರು 'ವರ'. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ವಾರಕ್ಕೂ ವರನಿಗೂ ಒಂದೇ ಸ್ಪೆಲಿಂಗು. ಸಾಫ್ಟ್‌ವೇರು ಜಿಲ್ಲೆಯ ಗಂಡುಗಳನ್ನೆಲ್ಲ ಒಟ್ಟಿಗೆ ಮಂಡಿಗೆ ಸಾಗಿಸಿಬಿಟ್ಟಿತು.

ಆ ಗಂಡುಗಳಲ್ಲಿ ಹನುಮಂತರಾಜುವೂ ಒಬ್ಬ. ಅವತ್ತೇ ಬೆಳಿಗ್ಗೆ ಕುಣಿಗಲ್ಲಿನ ಗಂಗಹನುಮಯ್ಯ ಮಗಳು ಮಂಜುಶ್ರೀಯನ್ನು ಸೈಬರ್ ಸೆಂಟರಿಗೆ ಕರೆದೊಯ್ದು ಅವನ ಪುಟ ನೋಡುವವರಿದ್ದರು.

ಕಾಫಿ ಮುಗಿಯುವಷ್ಟರಲ್ಲಿ ರಂಗಲಕ್ಷ್ಮಮ್ಮನ ಫೋನು.

"ಏನ್ಲಾ ಹನುಮಂತ, ಯಾವ್ ಗಂಡಿನ ಮೇಲೆ ಒತ್ತಿದ್ರೂ ಕೊಬ್ರಿ ಬರ್ತದಲ್ಲೋ! ತಿಪ್ಪಯ್ಯ ಬಂದು ನನ್ ಮುಂದೆ ಕುಣೀತಾವ್ನೆ. 'ನನ್ ಮಗಂಗೆ ಕೂದ್ಲಿಲ್ಲ ನಿಜ, ಅದಕ್ಕೆ ಉಂಡೆ ಕೊಬ್ರಿ ಫೋಟೋ ಹಾಕೋದಾ?' ಅಂತ!"

ಹನುಮಂತರಾಜು ಗಡಿಬಿಡಿಯಲ್ಲಿ ಕೊಬ್ಬರಿಯಿಂದ ವರನಿಗೆ ಇನ್ನೊಂದು ರೀಡೈರೆಕ್ಟ್ ಬರೆದ. ಈಗ ವರ ಕೊಬ್ಬರಿಗೆ, ಕೊಬ್ಬರಿ ವರನಿಗೆ. ಎರಡೂ ಪುಟ ತೆರೆಯದೆ ಕಂಪ್ಯೂಟರು ಗಾಣದೆತ್ತಿನಂತೆ ಸುತ್ತತೊಡಗಿತು.

ಅವನ ಕೂಗಾಟ ಕೇಳಿ ಪಕ್ಕದ ಮನೆಯ ರಿಟೈರ್ಡ್ ಗುಮಾಸ್ತ ಅಂಜನಪ್ಪ ಒಳಬಂದರು. "ಆಫ್ ಮಾಡಿ ಆನ್ ಮಾಡಪ್ಪ. ನಮ್ಮ ಟೀವಿಗೂ ಹಂಗೇ ಮಾಡೋದು." ಅವರ ಬೆನ್ನಿಗೇ ಮನೆ ಓನರು ದೊಡ್ಡಗಂಗಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಬಂದು ಮಾನಿಟರಿಗೆ ದೃಷ್ಟಿ ತೆಗೆದರು. "ಕಣ್ ಬಿದ್ದದೆ ಕಣಪ್ಪ. ಮದ್ವೆ ವಿಷ್ಯ ಎಲ್ಲಾರ್ಗೂ ಹೇಳ್ಕೊಂಡ್ ತಿರುಗ್ಬ್ಯಾಡ ಅಂದ್ರೆ ಕೇಳ್ದಾ?" ಊರಿಗೆಲ್ಲ ಹೇಳಿದ್ದು ಅವರೇ.

ಇಬ್ಬರನ್ನೂ ಹೊರಗೆ ಸಾಗಹಾಕಿ ಎರಡೂ ಸಾಲು ಅಳಿಸಿ ಪುಟಗಳನ್ನೆಲ್ಲ ಸರಿಮಾಡುವಷ್ಟರಲ್ಲಿ ಸಂಜೆಯಾಗಿತ್ತು. ಹನುಮಂತರಾಜು ಧೈರ್ಯ ಮಾಡಿ ಕುಣಿಗಲ್ಲಿಗೆ ಫೋನ್ ಮಾಡಿದ.

"ಬೆಳಿಗ್ಗೆ ಪುಟ ನೋಡಿದ್ರಾ ಸಾರ್?"

"ನೋಡಿದ್ವಪ್ಪ, ಬಾಳ ಸಂತೋಷ! ಹುಡ್ಗ ಕೊಬ್ರಿ ಮಂಡಿ ಮನೆಯೋನು ಅಂತ ಗೊತ್ತಾಯ್ತು. ಅಲ್ಲೇ ಇದ್ದ ನಂಬರ್‌ಗೆ ಮಾತಾಡಿ, ಗುಬ್ಬೀಗೆ ಹೋಗಿ ಹುಡ್ಗನ್ನೂ ನೋಡ್ಕೊಂಡ್ ಬಂದ್ವಿ. ಮಂಜು ಒಪ್ಪವ್ಳೆ. ನೀವ್ಯಾರು?"

ಅವನು ಹೆಸರು ಹೇಳದೆ ಫೋನಿಟ್ಟು, ಸಿಕ್ಕಿದ ಬಸ್ಸು ಹಿಡಿದು ಗುಬ್ಬಿಗೆ ಓಡಿದ. ಮಂಡಿಯಲ್ಲಿ ಲಕ್ಷ್ಮೀನರಸಿಂಹಯ್ಯ ಮೈಸೂರುಪಾಕು ಹಂಚುತ್ತಿದ್ದರು. ಮಗ ರಂಗರಾಜು ಹೊಸ ಅಂಗಿ ತೊಟ್ಟು ನಾಚುತ್ತ ನಿಂತಿದ್ದ.

"ಸಾರ್, ಅವ್ರು ನೋಡೋಕ್ ಬಂದಿದ್ದು ನನ್ ಪುಟ! ತಪ್ಪಾಗಿ ನಿಮ್ಮ ಪುಟಕ್ಕೆ ಬಂದವ್ರೆ!"

"ಅವ್ರು ಹುಡ್ಗ ಅವ್ನಾ ಅಂದ್ರು. ನಮ್ಮನೇಲಿ ಹುಡ್ಗ ಅವ್ನೆ. ಇಲ್ಲ ಅಂತ ಸುಳ್ ಹೇಳಕ್ಕಾಯ್ತದಾ?" ಎಂದು ಅವನ ಬಾಯಿಗೆ ಮೈಸೂರುಪಾಕು ತುರುಕಿದರು. "ಆ ತಪ್ಪು ಇನ್ನೂ ಅಂಗೇ ಅದಾ?"

"ಅಳಿಸ್ಬಿಟ್ಟೆ ಸಾರ್."

"ಅಯ್ಯೋ, ಯಾಕ್ ಅಳಿಸ್ದೆ? ವಾಪಸ್ ಹಾಕು. ನನ್ನ ಎರಡ್ನೇ ಮಗಂಗೂ ಹೆಣ್ಣು ನೋಡ್ಬೇಕು!"